ಒಂದೇ ಪ್ರೀಸೆಟ್, ನಾಲ್ಕು ದನಿ



ಕೊಯರ್‌ನಲ್ಲಿ ಗಿಟಾರ್ ಬಾರಿಸುವವರ ಕಾಲಬುಡದಲ್ಲಿ ಇರುವ ಪೆಟ್ಟಿಗೆಯನ್ನು ನೀವೆಲ್ಲ ನೋಡಿದ್ದೀರಿ. ಲೈನ್ 6 ಕಂಪೆನಿಯ ಪಾಡ್ ಗೋ ಎಂಬ ಇಫೆಕ್ಟ್ ಪ್ರೊಸೆಸರ್ ಅದು. "ಅದರಲ್ಲಿ ಅಷ್ಟೊಂದು ಸೌಂಡ್ ಉಂಟಲ್ಲ, ನೀವು ನಾಲ್ಕನ್ನೇ ಯಾಕೆ ಬಾರಿಸುವುದು?" ಎಂದು ಕ್ಯಾಟಕಿಸಂ ಮಕ್ಕಳೂ ಕೇಳುತ್ತಾರೆ.

ಪ್ರೀಸೆಟ್ ಎಂದರೆ ಆಂಪ್, ಕಂಪ್ರೆಸರ್, ಡಿಲೇ, ರಿವರ್ಬ್ ಎಲ್ಲ ಸೇರಿದ ಒಂದು ಸರಪಳಿ. ಒಂದು ಪ್ರೀಸೆಟ್ ಬಿಟ್ಟು ಇನ್ನೊಂದಕ್ಕೆ ಹೋದರೆ ಹೆಚ್ಚಿನ ಪ್ರೊಸೆಸರ್‌ಗಳು ಹಳೆ ಸರಪಳಿ ಇಳಿಸಿ ಹೊಸದನ್ನು ಏರಿಸಬೇಕು. ಆ ಕ್ಷಣ ಸದ್ದಿಲ್ಲ. ಸ್ಟೇಜಿನಲ್ಲಿ ಡ್ರಮ್ಸ್ ಇದ್ದರೆ ಅದು ಮುಚ್ಚಿಹೋಗುತ್ತದೆ. ಬಲಿಪೂಜೆಯಲ್ಲಿ ಮುಚ್ಚುವುದಿಲ್ಲ. ಹಿಂದೆ ಎರವಲು ತಂದ ಬೇರೊಂದು ಪೆಟ್ಟಿಗೆಯಲ್ಲಿ ಚರಣದಿಂದ ಪಲ್ಲವಿಗೆ ಬರುವಾಗ ಹೀಗೆಯೇ ಆಗುತ್ತಿತ್ತು. "ಎಂತ ಮಾರಾಯ, ಕರೆಂಟು ಹೋಯಿತಾ?" ಎಂದು ಹಿಂದಿನ ಬೆಂಚಿನ ಅಂಕಲ್ ಕೇಳಿದ್ದರು. ನಗೆ ಬರಬಹುದು. ಆದರೆ ನಮ್ಮ ಹಿರಿಯರು ಶ್ರುತಿಗೆ ಗಿಟಾರನ್ನೇ ನಂಬಿ ಹಾಡುತ್ತಾರೆ. ಅದು ನಿಂತಲ್ಲಿ ಅವರೂ ನಿಲ್ಲುತ್ತಾರೆ, ಮತ್ತೆ ಶುರು ಮಾಡಲು ಸಂಕೋಚಪಡುತ್ತಾರೆ.

ಇದಕ್ಕೆ ಪರಿಹಾರ ಸ್ನ್ಯಾಪ್‌ಶಾಟ್. ಪಾಡ್ ಗೋದಲ್ಲಿ ಪ್ರತಿ ಪ್ರೀಸೆಟ್‌ನ ಒಳಗೆ ನಾಲ್ಕು ಇವೆ. ಫ್ರಾಕ್ಟಲ್‌ನವರು ಇಂಥದ್ದನ್ನೇ ಸೀನ್ ಎನ್ನುತ್ತಾರೆ. ಬೇಕಾದ ಇಫೆಕ್ಟ್‌ಗಳೆಲ್ಲ ಮೊದಲೇ ಏರಿ ಕುಳಿತಿರುತ್ತವೆ; ಯಾವುದು ಆನ್, ಯಾವುದು ಆಫ್, ಯಾವುದರ ಮಟ್ಟ ಎಷ್ಟು ಎಂಬುದನ್ನು ಮಾತ್ರ ಸ್ನ್ಯಾಪ್‌ಶಾಟ್ ನೆನಪಿಟ್ಟುಕೊಳ್ಳುತ್ತದೆ. ಆದ್ದರಿಂದ ಸದ್ದು ಕಡಿಯುವುದಿಲ್ಲ. ಡಿಲೇ, ರಿವರ್ಬ್‌ಗಳಲ್ಲಿ ಟ್ರೇಲ್ಸ್ ಆನ್ ಮಾಡಿಟ್ಟರೆ ಹಳೆ ಸ್ವರದ ಬಾಲ ಹೊಸ ಸ್ವರದ ಅಡಿಯಲ್ಲಿ ಮೆಲ್ಲಗೆ ಕರಗುತ್ತದೆ.

ನಮ್ಮ ನಾಲ್ಕಕ್ಕೆ ಹಾಡುಗಳ ಹೆಸರಿಟ್ಟಿಲ್ಲ. ಇಲ್ಲಿ ಕಾಸರಗೋಡಿನಲ್ಲಿ ಕೊಂಕಣಿ, ಕನ್ನಡ, ಒಮ್ಮೊಮ್ಮೆ ಮಲಯಾಳಂ; ಹಾಡು ಕೊನೆ ಗಳಿಗೆಯಲ್ಲೂ ಬದಲಾಗುತ್ತದೆ, ಪೂಜೆಯ ಕ್ರಮ ಬದಲಾಗುವುದಿಲ್ಲ. ಹಾಗಾಗಿ ಮೊದಲನೆಯದು ಕೀರ್ತನೆ: ಶುದ್ಧ ಸ್ವರ, ಬೇರೇನಿಲ್ಲ. ಎರಡನೆಯದು ಪಲ್ಲವಿ: ಅದೇ ಸ್ವರ, ಸ್ವಲ್ಪ ಎತ್ತರ. ಮೂರನೆಯದು ಪರಮಪ್ರಸಾದ: ಉದ್ದದ ಡಿಲೇ. ನಾಲ್ಕನೆಯದು ಅಲ್ಲೆಲೂಯ: ತೆಳು ಓವರ್‌ಡ್ರೈವ್.

ಈ ನಾಲ್ಕನೆಯದರ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಎರಡನೇ ವ್ಯಾಟಿಕನ್ ಮಹಾಸಭೆಯ 1963ರ ಪೂಜಾವಿಧಿ ಸಂವಿಧಾನ ಪೈಪ್ ಆರ್ಗನ್‌ಗೆ ದೊಡ್ಡ ಗೌರವ ಕೊಟ್ಟಿದೆ. ಪವಿತ್ರ ಬಳಕೆಗೆ ಒಗ್ಗುವ ಬೇರೆ ವಾದ್ಯಗಳಿಗೂ ಅಧಿಕಾರಿಗಳ ಒಪ್ಪಿಗೆಯೊಂದಿಗೆ ದಾರಿ ಬಿಟ್ಟಿದೆ. ಒಗ್ಗುವುದೋ ಇಲ್ಲವೋ ಎಂಬುದು ಗಿಟಾರ್ ಎಂಬ ಹೆಸರಿಗಿಂತ ನಾವು ತಿರುಗಿಸುವ ಗುಂಡಿಯಲ್ಲಿ ಹೆಚ್ಚು ಇದೆ ಎಂದು ನನ್ನ ಅಭಿಪ್ರಾಯ. ಜನರ ದನಿ ಮುಳುಗಿದರೆ ಅದು ಒಗ್ಗಲಿಲ್ಲ, ಅಷ್ಟೇ. ತಪಸ್ಸು ಕಾಲದಲ್ಲಂತೂ ಹಾಡಿಗೆ ಆಧಾರವಾಗಿ ಮಾತ್ರ ವಾದ್ಯ ಎಂಬುದು ನಿಯಮ. ಲೆತಾರೆ ಭಾನುವಾರ, ಮಹೋತ್ಸವ, ಹಬ್ಬಗಳಿಗೆ ವಿನಾಯಿತಿ. ಆಗ ಅಲ್ಲೆಲೂಯವೂ ಇಲ್ಲ. ನಾಲ್ಕನೇ ಸ್ವಿಚ್ಚಿಗೂ ಉಪವಾಸ!

ಮಟ್ಟಗಳನ್ನು ಮನೆಯಲ್ಲಿ ಹೆಡ್‌ಫೋನ್ ಹಾಕಿ ತೀರ್ಮಾನಿಸಬೇಡಿ. ಚರ್ಚಿನ ಗೋಡೆಗಳೇ ಸಾಕಷ್ಟು ರಿವರ್ಬ್ ಕೊಡುತ್ತವೆ. ಕೊಯರ್ ಹಾಡುತ್ತಿರುವಾಗಲೇ, ಒಬ್ಬರನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ ಕೇಳಿ. ಸೆಟ್ಟಿಂಗಿನಲ್ಲಿ ಸ್ನ್ಯಾಪ್‌ಶಾಟ್ ಎಡಿಟ್ಸ್ ಎಂಬಲ್ಲಿ ಡಿಸ್ಕಾರ್ಡ್ ಇಟ್ಟಿದ್ದೇವೆ. ಯಾರಾದರೂ ಗುಂಡಿ ತಿರುಗಿಸಿ ಸೇವ್ ಮಾಡದೆ ಹೋದರೆ, ಸ್ನ್ಯಾಪ್‌ಶಾಟ್ ಬದಲಿಸಿ ಮರಳಿದಾಗ ಸೇವ್ ಆಗಿದ್ದ ಸ್ಥಿತಿಯೇ ಸಿಗುತ್ತದೆ.

ನಾಲ್ಕೇ ಸಾಕು ಎಂದದ್ದಕ್ಕೆ ನಿಜವಾದ ಕಾರಣ ಬೇರೆ. ನಮ್ಮಲ್ಲಿ ಗಿಟಾರ್ ಕಲಿತವರು ಮಂಗಳೂರು, ಬೆಂಗಳೂರು, ಗಲ್ಫ್ ಎಂದು ಹೊರಡುತ್ತಾರೆ. ಅವರವರ ಸೌಂಡು ಅವರವರ ತಲೆಯಲ್ಲೇ ಹೋಗುತ್ತದೆ. ಕಳೆದ ಜೂನ್‌ನಲ್ಲಿ ಒಬ್ಬ ಹೋದಾಗ ಉಳಿದದ್ದು ಪ್ಲಸ್ ಟು ಓದುವ ಒಬ್ಬಳು ಹುಡುಗಿ, ಮೂರು ತಿಂಗಳು ಕಲಿತವಳು. ಅವಳು ಬಗ್ಗಿ ಸ್ಕ್ರೀನ್ ಓದುತ್ತ ಕೂರಬೇಕಾಗಿಲ್ಲ; ಪೂಜೆ ಎಲ್ಲಿಗೆ ಬಂತು ಎಂದು ಗೊತ್ತಿದ್ದರೆ ಯಾವ ಸ್ವಿಚ್ ಎಂದೂ ಗೊತ್ತು. ಮುಂದಿನ ಭಾನುವಾರವೇ ಬಾರಿಸಿದಳು.

ಮೊನ್ನೆ ಅವಳೇ ಹೇಳಿದಳು: "ಅಣ್ಣಾ, ಎರಡನೆಯದು ಸ್ವಲ್ಪ ಜಾಸ್ತಿ ಆಯಿತು. ಮುಂದೆ ಕೂತ ಅಮ್ಮನಿಗೆ ಹಾಡಿನ ಪದ ಕೇಳುವುದಿಲ್ಲವಂತೆ." ಈ ಶನಿವಾರ ಪ್ರಾಕ್ಟೀಸಿಗೆ ಅಮ್ಮನನ್ನೂ ಕರೆದುಕೊಂಡು ಬರುತ್ತಾಳೆ. ಅವರು ಸಾಕು ಎನ್ನುವವರೆಗೆ ಇಳಿಸಿ, ಸೇವ್ ಮಾಡುತ್ತೇವೆ.