ಬೆಳಗಿದ ಸೆಂಟು

ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ, 2006ರ ಬೇಸಗೆಯಲ್ಲಿ, ನಾನೂ ನನ್ನಾಕೆಯೂ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿ ಕೆಲವು ತಿಂಗಳು ಅಲ್ಲಿದ್ದೆವು. ಫಿಲಡೆಲ್ಫಿಯಾ ನಗರದ ಹೊರವಲಯದಲ್ಲಿ ಅವರ ಮನೆ. ಮಗಳು, ಅಳಿಯ ಇಬ್ಬರೂ ಬೆಳಗ್ಗೆಯೇ ಕೆಲಸಕ್ಕೆ ಹೊರಟುಬಿಡುತ್ತಿದ್ದರು. ಶಾಲೆಗೆ ರಜೆಯಿದ್ದ ಹತ್ತು ವರ್ಷದ ಮೊಮ್ಮಗನೇ ನನಗೆ ಜೊತೆಗಾರ. ಅವನಿಗಿದ್ದ ಹುಚ್ಚೆಂದರೆ ಹಳೆಯ ಸೆಂಟುಗಳದು.

ನೀಲಿ ರಟ್ಟಿನ ಒಂದು ಮಡಿಕೆ. ಅದರಲ್ಲಿ ಸಾಲಾಗಿ ಗುಂಡನೆಯ ಕುಳಿಗಳು. ಪ್ರತಿ ಕುಳಿಯ ಕೆಳಗೂ ಒಂದು ಇಸವಿ. 1857ರಿಂದ 1909ರವರೆಗಿನ ಸಣ್ಣ ಸೆಂಟುಗಳನ್ನು ಅದರಲ್ಲಿ ಒತ್ತಿ ಕೂರಿಸಬೇಕು. 'ಸಣ್ಣ' ಎಂದೇಕೆ ಎಂದು ಕೇಳಿದೆ. ಅದಕ್ಕೂ ಮೊದಲು ಅಲ್ಲಿನ ಸೆಂಟು ಅಚ್ಚ ತಾಮ್ರದ ದೊಡ್ಡ ಬಿಲ್ಲೆಯಾಗಿತ್ತಂತೆ. ತಾಮ್ರದ ಬೆಲೆ ಏರಿ ಅದನ್ನು ಟಂಕಿಸುವುದೇ ದುಬಾರಿಯಾದಾಗ, 1857ರಲ್ಲಿ ಹತ್ತೊಂಬತ್ತು ಮಿಲಿಮೀಟರ್ ಅಗಲದ ಸಣ್ಣ ನಾಣ್ಯವನ್ನು ಚಲಾವಣೆಗೆ ತಂದರು. ಮೊದಲು ಹಾರುವ ಹದ್ದಿನ ಚಿತ್ರ; 1859ರಿಂದ ಗರಿಯ ಕಿರೀಟ ತೊಟ್ಟ ಒಂದು ಮುಖ. ಅದರ ಹೆಸರು 'ಇಂಡಿಯನ್ ಹೆಡ್' ಎಂದು ಕೇಳಿ ನಾನು ಕ್ಷಣಕಾಲ ಹಿಗ್ಗಿದ್ದುಂಟು. "ನಮ್ಮ ಇಂಡಿಯಾ ಅಲ್ಲ ತಾತ" ಎಂದು ಮೊಮ್ಮಗ ನಕ್ಕ. ವಾಸ್ತವವಾಗಿ ಆಕೆ ಅಲ್ಲಿನ ಮೂಲನಿವಾಸಿಯೂ ಅಲ್ಲ. ಲಾಂಗೇಕರ್ ಎಂಬ ಕೆತ್ತನೆಗಾರ ಸ್ವಾತಂತ್ರ್ಯದೇವಿಗೆ ಮೂಲನಿವಾಸಿಗಳ ಗರಿಕಿರೀಟ ತೊಡಿಸಿದ್ದಾನೆ, ಅಷ್ಟೆ. ಯಾರ ನೆಲವನ್ನು ಕಸಿದುಕೊಳ್ಳುತ್ತಿದ್ದರೋ ಅವರದೇ ಕಿರೀಟ! ಇರಲಿ.

ಹುಡುಗನಿಗೆ ಈ ವಿದ್ಯೆ ಹತ್ತಿಸಿದವರು ಪಕ್ಕದ ಮನೆಯ ವೃದ್ಧರು. ಎಂಬತ್ತು ದಾಟಿದವರು, ಒಂಟಿ, ಮಿತಭಾಷಿ. ಸಂಜೆ ಅವರ ಜಗಲಿಯಲ್ಲಿ ಕುಳಿತು ಭೂತಗಾಜಿನಲ್ಲಿ ನಾಣ್ಯ ನೋಡುವುದನ್ನು ಕಲಿಸುತ್ತಿದ್ದರು. ನಾನೂ ಹೋಗಿ ಹಿಂದಿನ ಬೆಂಚಿನ ವಿದ್ಯಾರ್ಥಿಯಂತೆ ಕೂರುತ್ತಿದ್ದೆ.

ಮೂವತ್ತೈದು ವರ್ಷ ಉತ್ತರಪತ್ರಿಕೆ ತಿದ್ದಿದವನಿಗೆ ಅವರ ಅಂಕಪದ್ಧತಿ ಬಹಳ ತಮಾಷೆಯಾಗಿ ಕಂಡಿತು. ಗರಿಷ್ಠ ಅಂಕ ಎಪ್ಪತ್ತು. ಶೆಲ್ಡನ್ ಎಂಬುವರು 1949ರಲ್ಲಿ ದೊಡ್ಡ ಸೆಂಟುಗಳಿಗಾಗಿ ರೂಪಿಸಿದ ಕ್ರಮವಂತೆ. ಮುಂದೆ ಎಲ್ಲ ನಾಣ್ಯಗಳಿಗೂ ಅದೇ ಹಬ್ಬಿತು. ಎಪ್ಪತ್ತಕ್ಕೆ ನಾಲ್ಕು ಬಂದರೆ ಅದು 'ಗುಡ್'! ಎಂಟು 'ವೆರಿ ಗುಡ್', ಹನ್ನೆರಡು 'ಫೈನ್'. ನನ್ನ ತರಗತಿಯಲ್ಲಿ ಇವರೆಲ್ಲರೂ ನಪಾಸು. ಕೈಯಿಂದ ಕೈಗೆ ಓಡಾಡದ, ಸವೆಯದ ನಾಣ್ಯಕ್ಕೆ ಮಾತ್ರ ಅರವತ್ತು ಮತ್ತು ಮೇಲ್ಪಟ್ಟು.

ಅಂಕ ಕೊಡುವ ಬಗೆ ಮಾತ್ರ ನಿಜಕ್ಕೂ ಸೊಗಸಾದದ್ದು. ಆ ಕಿರೀಟದ ಪಟ್ಟಿಯ ಮೇಲೆ 'ಲಿಬರ್ಟಿ' ಎಂದು ಇಂಗ್ಲಿಷಿನ ಏಳು ಅಕ್ಷರಗಳಿವೆ. ನಾಣ್ಯ ಚಲಾವಣೆಯಾದಂತೆಲ್ಲ ಅವು ಅಳಿಸುತ್ತ ಹೋಗುತ್ತವೆ. ಒಂದಕ್ಷರವೂ ಉಳಿದಿರದಿದ್ದರೆ ನಾಲ್ಕು ಅಂಕ, ಮೂರು ಉಳಿದಿದ್ದರೆ ಎಂಟು, ಮಸುಕಾಗಿಯಾದರೂ ಏಳೂ ಓದಲು ಬಂದರೆ ಹನ್ನೆರಡು. ಕೊರಳ ಬಳಿ ಇಳಿಬಿದ್ದ ರಿಬ್ಬನ್ನಿನ ಮೇಲಣ ವಜ್ರಾಕಾರದ ಗೆರೆಗಳೂ ಚೂಪಾಗಿ ಉಳಿದಿದ್ದರೆ ನಲವತ್ತರತ್ತ ಏರುತ್ತದೆ. ಇದಲ್ಲದೆ ಬಣ್ಣದ ಲೆಕ್ಕ ಬೇರೆ. 1864ರ ಬಳಿಕದ ಸೆಂಟಿನಲ್ಲಿ ನೂರಕ್ಕೆ ತೊಂಬತ್ತೈದು ಪಾಲು ತಾಮ್ರ. ಟಂಕಸಾಲೆಯಿಂದ ಹೊರಟಾಗ ಕೆಂಪು, ಆಮೇಲೆ ಕೆಂಗಂದು, ಕೊನೆಗೆ ಪೂರ್ತಿ ಕಂದು. ಈ ಮೂರನ್ನೂ ಬೇರೆ ಬೇರೆಯಾಗಿಯೇ ಗುರುತಿಸುತ್ತಾರೆ.

ಆ ವರ್ಷ ಹುಡುಗನ ಹುಟ್ಟುಹಬ್ಬಕ್ಕೆ ಆ ಹಿರಿಯರು 1875ನೇ ಇಸವಿಯ ಒಂದು ಸೆಂಟು ಕೊಟ್ಟರು. ತಮ್ಮ ಅಜ್ಜನ ಪೆಟ್ಟಿಗೆಯಲ್ಲಿ ದೊರೆತದ್ದಂತೆ. ಹುರಿದ ಕಾಫಿಬೀಜದ ಬಣ್ಣ, ಏಳೂ ಅಕ್ಷರಗಳಿದ್ದವು. 1877ರದು ಕೇವಲ ಎಂಟೂವರೆ ಲಕ್ಷದಷ್ಟು ಟಂಕಿತವಾದ ಅಪೂರ್ವ ನಾಣ್ಯ. ಆ ಕುಳಿ ಖಾಲಿಯೇ ಉಳಿಯುವುದೆಂದು ಹುಡುಗ ಬಲ್ಲ. ಹೀಗಾಗಿ ಅವನ ಪಾಲಿಗೆ ಈ 1875ರದೇ ಕಿರೀಟಮಣಿ.

ಓದುಗ ಮಿತ್ರರೇ, ಮುಂದಿನದನ್ನು ಬರೆಯಲು ಇಂದಿಗೂ ಸಂಕೋಚವಾಗುತ್ತದೆ. ಒಂದು ಮಧ್ಯಾಹ್ನ ನನ್ನಾಕೆ ಪೂಜೆಯ ತಾಮ್ರದ ಪಂಚಪಾತ್ರೆಯನ್ನು ಹುಣಸೆಹಣ್ಣು, ಉಪ್ಪು ಹಾಕಿ ಬೆಳಗುತ್ತಿದ್ದಳು. ಹುಡುಗ ಮಲಗಿದ್ದ. ಮೇಜಿನ ಮೇಲೆ ಆ ಕಪ್ಪು ಸೆಂಟು. ಅವನು ಎದ್ದಾಗ ಅದು ಬಂಗಾರದಂತೆ ಹೊಳೆಯುತ್ತಿದ್ದರೆ ಎಷ್ಟು ಸಂತೋಷಪಟ್ಟಾನು ಎಂದುಕೊಂಡೆ. ತಾಮ್ರವನ್ನು ಬೆಳಗುವುದು ಅದಕ್ಕೆ ಸಲ್ಲಿಸುವ ಮರ್ಯಾದೆ ಎಂದೇ ತಿಳಿದು ಬೆಳೆದವನು ನಾನು. ಹುಣಸೆಯ ಹುಳಿಯಲ್ಲಿ ಅದ್ದಿ ಹೆಬ್ಬೆರಳಿನಲ್ಲಿ ಎರಡು ನಿಮಿಷ ತಿಕ್ಕಿದೆ. ನೂರಮೂವತ್ತೊಂದು ವರ್ಷಗಳ ಕಂದು ಬಣ್ಣ ನಲ್ಲಿಯ ನೀರಿನಲ್ಲಿ ಹರಿದುಹೋಯಿತು.

ಹುಡುಗ ಅಳಲಿಲ್ಲ. "ತಾತ, ಇದನ್ನು ಹೀಗೆ ಮಾಡಬಾರದಿತ್ತು" ಎಂದಷ್ಟೇ ಹೇಳಿ ನಾಣ್ಯವನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಅತ್ತಿದ್ದರೆ ಚೆನ್ನಾಗಿತ್ತು.

ಸಂಜೆ ನಾನೇ ಅವನನ್ನು ಕರೆದುಕೊಂಡು ಆ ಹಿರಿಯರ ಬಳಿಗೆ ಹೋಗಿ ತಪ್ಪೊಪ್ಪಿಕೊಂಡೆ. ಅವರು ಗಾಜು ಹಿಡಿದು ಬಹಳ ಹೊತ್ತು ನೋಡಿದರು. ಏಳೂ ಅಕ್ಷರಗಳು ಭದ್ರವಾಗಿದ್ದವು. ಆದರೆ ಮೇಲ್ಮೈಯ ಮೇಲೆ ಗುಲಾಬಿಗೆಂಪಿನ ಒಂದು ಬತ್ತಲೆ ಹೊಳಪು; ತಿಳಿದವರು ಮಾರು ದೂರದಿಂದಲೇ ಗುರುತಿಸುವಂಥದ್ದು. ನಾಣ್ಯಗಳಿಗೆ ದರ್ಜೆ ನೀಡುವ ಹೆಸರಾಂತ ಸಂಸ್ಥೆಗಳು ಬೆಳಗಿದ ನಾಣ್ಯಕ್ಕೆ ಅಂಕವನ್ನೇ ಕೊಡುವುದಿಲ್ಲವೆಂದು ಆಗ ತಿಳಿಯಿತು. ನಮ್ಮ ಪರೀಕ್ಷಾ ಮಂಡಲಿಯ ಭಾಷೆಯಲ್ಲಿ ಹೇಳುವುದಾದರೆ, 'ಫಲಿತಾಂಶವನ್ನು ತಡೆಹಿಡಿಯಲಾಗಿದೆ'. ಎಷ್ಟೋ ಮಕ್ಕಳ ಹೆಸರಿನ ಮುಂದೆ ಆ ಷರಾವನ್ನು ಕಂಡಿದ್ದೆ. ಒಂದಕ್ಕೆ ನಾನೇ ಕಾರಣನಾದದ್ದು ಅದೇ ಮೊದಲು.

ಹಿರಿಯರು ನನ್ನನ್ನು ಬೈಯಲಿಲ್ಲ, ಸಮಾಧಾನದ ಸುಳ್ಳನ್ನೂ ಹೇಳಲಿಲ್ಲ. ತಾಮ್ರ ಮತ್ತೆ ತಾನಾಗಿ ಕಂದಾಗುತ್ತದೆ, ಆದರೆ ಮೊದಲಿನ ಕಂದು ಬರುವುದಿಲ್ಲ. ಸಾದಾ ಕಾಗದದ ಲಕೋಟೆಯಲ್ಲಿಟ್ಟು ಮರೆತುಬಿಡು ಎಂದು ಹುಡುಗನಿಗೆ ಹೇಳಿದರು. ಅವನು ಲಕೋಟೆಯಲ್ಲಿಡಲಿಲ್ಲ. ಮನೆಗೆ ಬಂದು, 1875ರ ಕುಳಿಯಲ್ಲಿ ಅದನ್ನೇ ಒತ್ತಿ ಕೂರಿಸಿದ. ಕಂದು ನಾಣ್ಯಗಳ ಸಾಲಿನ ನಡುವೆ ಅದೊಂದು ಮಿರಮಿರ ಮಿನುಗುತ್ತಿತ್ತು. ನಾವು ಊರಿಗೆ ಹೊರಡುವವರೆಗೂ ಆ ಮಡಿಕೆ ತೆರೆದಾಗಲೆಲ್ಲ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು.

2025ರ ನವೆಂಬರ್ 12ರಂದು ಚಲಾವಣೆಗೆಂದು ಕೊನೆಯ ಸೆಂಟುಗಳನ್ನು ಅದೇ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಒತ್ತಿದರು. ಒಂದು ಸೆಂಟು ತಯಾರಿಸಲು ಮೂರು ಸೆಂಟಿಗೂ ಮೀರಿ ಖರ್ಚಾಗುತ್ತಿತ್ತಂತೆ. ಆ ವಾರ ಮೊಮ್ಮಗ ಫೋನ್ ಮಾಡಿದ. ಈಗ ಅವನಿಗೆ ಇಪ್ಪತ್ತೊಂಬತ್ತು. ಮಾತಿನ ನಡುವೆ, ಆ ನೀಲಿ ಮಡಿಕೆ ಇನ್ನೂ ಇದೆಯೇನಪ್ಪ ಎಂದು ಕೇಳಿದೆ. ಇದೆ ಎಂದು ಒಂದು ಚಿತ್ರ ಕಳುಹಿಸಿದ. 1877ರ ಕುಳಿ ಈಗಲೂ ಖಾಲಿ. 1875ರದು ಅಂಚಿನಲ್ಲಿ ಕಂದು, ನಡುವೆ ನೀಲಿ ಕಲೆತ ನಸುಗೆಂಪು. ಚಿತ್ರವನ್ನು ದೊಡ್ಡದು ಮಾಡಿ, ಕನ್ನಡಕ ಒರೆಸಿಕೊಂಡು ಅಕ್ಷರ ಎಣಿಸಿದೆ. ಏಳೂ ಇದ್ದವು.