ಊರ ಕಾವಲು

ಯಲಬುರ್ಗಾ, ಕುಷ್ಟಗಿ ಸೀಮೆಯ ಹಳ್ಳಿಗಳಲ್ಲಿ ಹನುಮಪ್ಪನ ಗುಡಿಯ ಮಗ್ಗುಲಲ್ಲೋ ಅಗಸೆಯ ಹೊರಗಿನ ಬೇವಿನ ಬುಡದಲ್ಲೋ ಅರ್ಧ ಹೂತು ನಿಂತ ವೀರಗಲ್ಲುಗಳನ್ನು ಕಂಡಾಗಲೆಲ್ಲ ನನ್ನ ದೃಷ್ಟಿಯು ಅವುಗಳ ಕೆಳಗಿನ ಪಟ್ಟಿಕೆಯಲ್ಲಿಯೇ ನೆಲಸುತ್ತದೆ. ಮೇಲೆ ಅಪ್ಸರೆಯರು ವೀರನನ್ನು ಎತ್ತಿಕೊಂಡೊಯ್ಯುತ್ತಾರೆ. ಅದಕ್ಕೂ ಮೇಲೆ ಆತನು ಶಿವಸಾನ್ನಿಧ್ಯದಲ್ಲಿ ಕುಳಿತಿರುತ್ತಾನೆ. ಕೆಳಗೆ, ಎಣ್ಣೆ ಕುಡಿದು ಕಪ್ಪಾದ ಶಿಲೆಯಲ್ಲಿ, ಕತ್ತಿ ಹಿರಿದ ಒಬ್ಬ ಆಳು, ಅವನ ಬೆನ್ನಿಗೆ ಕೊಂಬು ತಗ್ಗಿಸಿದ ನಾಲ್ಕಾರು ದನಗಳು. ಊರಿನ ತುರುಗಳಿಗಾಗಿ, ಹೆಣ್ಣುಮಕ್ಕಳ ಮಾನಕ್ಕಾಗಿ ಮಡಿದವನಿಗೆ ನಮ್ಮ ಹಿರಿಯರು ಕಲ್ಲು ನಿಲ್ಲಿಸಿದರು. ತನ್ನ ಪೆಟ್ಟಿಗೆಯನ್ನು ಮಾತ್ರ ಕಾಯ್ದುಕೊಂಡವನಿಗೆ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ.

ಈ ನೆಲಕ್ಕೆ ಆಯುಧದ ಪ್ರಶ್ನೆ ಹೊಸದಲ್ಲ. 1857ರಲ್ಲಿ ಪ್ರಜೆಗಳ ಆಯುಧಗಳನ್ನು ಕಸಿದುಕೊಳ್ಳಲು ಬ್ರಿಟಿಷ್ ಕಂಪನಿ ಸರಕಾರವು ಹೊರಟಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಸಿಡಿದೆದ್ದರು. ಮರುವರ್ಷವೇ ಮುಂಡರಗಿ ಭೀಮರಾಯನು ಹಮ್ಮಿಗಿಯ ಕೆಂಚನಗೌಡನೊಡನೆ ಕೊಪ್ಪಳದ ಕೋಟೆಯನ್ನು ಹೊಕ್ಕು, ಕಂಪನಿಯ ದಂಡಿಗೆ ಎದುರಾಗಿ ಅಲ್ಲಿಯೇ ಪ್ರಾಣವನ್ನೊಪ್ಪಿಸಿದನು. ತೊಂಬತ್ತು ವರ್ಷಗಳ ತರುವಾಯ ಜನವು ಅದೇ ಹಾದಿಯನ್ನು ಹಿಮ್ಮುಖವಾಗಿ ತುಳಿಯಬೇಕಾಯಿತು. ನಿಜಾಮನ ಆಳಿಕೆಯಲ್ಲಿದ್ದ ಕೊಪ್ಪಳ, ಯಲಬುರ್ಗಾ ಭಾಗದವರು ನಿಜಾಮನ ಪಕ್ಷದ ಸಶಸ್ತ್ರ ರಜಾಕಾರರ ಹಾವಳಿಗೆ ಬೇಸತ್ತು, ಗಡಿಯಾಚೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಮುಂಡರಗಿ, ಗಜೇಂದ್ರಗಡಗಳ ಶಿಬಿರಗಳನ್ನು ಆಶ್ರಯಿಸಿದರು. ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳುತನದ ಮುಂಡರಗಿ ಶಿಬಿರದಲ್ಲಿ, ರಂಟೆ ಕುಂಟೆಗಳಿಗೆ ಒಗ್ಗಿದ ಕೈಗಳು ಕೋವಿಯನ್ನು ಹಿಡಿದವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ನಿಜಾಮನ ಸಂಸ್ಥಾನವನ್ನು ಪ್ರವೇಶಿಸಿ, 17ರಂದು ಅವನು ಮಣಿಯುವವರೆಗೂ ಈ ಜನರಿಗೆ ಬೇರೆ ಗತಿಯಿರಲಿಲ್ಲ. ಕಾಯಬೇಕಾದ ಪ್ರಭುತ್ವವೇ ಕೊಲ್ಲುವವರಿಗೆ ಬೆನ್ನಾಗಿ ನಿಂತಾಗ ಪ್ರಜೆಯು ಆಯುಧವನ್ನೆತ್ತುವುದು ಧರ್ಮವೆಂದೇ ನಾನು ನಂಬುತ್ತೇನೆ. ಅವರು ಕೋವಿ ಹಿಡಿದುದಾದರೂ ತಂತಮ್ಮ ಹೊಸ್ತಿಲನ್ನು ಕಾಯುವುದಕ್ಕಲ್ಲ, ಬಿಟ್ಟುಬಂದ ಊರುಗಳನ್ನು ಬಿಡಿಸುವುದಕ್ಕೆ.

ಇಂದಿನ ಸ್ಥಿತಿಯು ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 35ನೆಯ ಕಲಮು ತನ್ನ ದೇಹವನ್ನಷ್ಟೇ ಅಲ್ಲದೆ ಅನ್ಯರ ದೇಹವನ್ನೂ ರಕ್ಷಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಪೊಲೀಸರ ನೆರವು ಪಡೆಯಲು ಅವಕಾಶವಿದ್ದಲ್ಲಿ ಆ ಹಕ್ಕಿಲ್ಲವೆಂದೂ, ಅಗತ್ಯಕ್ಕಿಂತ ಹೆಚ್ಚಿನ ಹಾನಿ ಸಲ್ಲದೆಂದೂ 37ನೆಯ ಕಲಮು ಎಲ್ಲೆ ಹಾಕಿದೆ. ವೀರಗಲ್ಲಿನ ನೀತಿಗೂ ಈ ಕಾನೂನಿಗೂ ಇರುವ ನಂಟು ನನಗೆ ಆಪ್ಯಾಯವಾಗಿದೆ. ಆದರೆ ಲೈಸೆನ್ಸು ಪಡೆದು ಪ್ರತಿಷ್ಠೆಗಾಗಿ ಬಂದೂಕನ್ನು ಮನೆಯಲ್ಲಿಟ್ಟುಕೊಳ್ಳುವ ಹಂಬಲವನ್ನು ನಾನು ಒಪ್ಪಲಾರೆ. ಬದುವಿನ ಜಗಳವೊಂದು ಕಾವೇರಿದ ರಾತ್ರಿ ಅದು ಕಳ್ಳನಿಗಿಂತ ಮೊದಲು ದಾಯಾದಿಯ ಎದೆಯನ್ನು ಹುಡುಕೀತು.

ಗಂಗಾವತಿಯ ಗದ್ದೆಗಳಲ್ಲಿ ದಿನವಿಡೀ ಬಗ್ಗಿ ಭತ್ತದ ಸಸಿ ನೆಟ್ಟು, ಕಾಲುವೆಯ ದಂಡೆಗುಂಟ ಕತ್ತಲಲ್ಲಿ ಮನೆಗೆ ನಡೆಯುವ ಹೆಣ್ಣಾಳುಗಳಿಗೆ ಯಾರ ಬಂದೂಕೂ ಬೇಕಾಗಿಲ್ಲ. ಅವರಿಗೆ ಬೇಕಾದುದು ಉರಿಯುವ ಬೀದಿದೀಪ, ಹೊತ್ತಿಗೆ ಬರುವ ಬಸ್ಸು, ಆ ದಾರಿಯಲ್ಲಿ ಒಂದು ಪೊಲೀಸ್ ಗಸ್ತು, ಕೂಗಿದರೆ ಓಗೊಟ್ಟು ಓಡಿಬರುವ ನೆರೆಯವರು. ಮುಂದಿನ ನಾಟಿಗೆ ಮುನ್ನ ದೀಪಗಳನ್ನಾದರೂ ಪಂಚಾಯಿತಿಯವರು ಹಾಕಿಸಿಕೊಡಬೇಕು.