ಸೇಂಟ್ ಲೂಯಿಸಿನ ಕಾಲ್ಚೆಂಡಿನ ಅಂಗಳ

ಮಿಸ್ಸೂರಿ ನದಿಯು ಮಿಸ್ಸಿಸಿಪ್ಪಿಯನ್ನು ಕೂಡಿಕೊಳ್ಳುವ ಎಡೆಯಿಂದ ಕೆಲವೇ ಮೈಲಿ ಕೆಳಗೆ, ಪಶ್ಚಿಮದ ದಂಡೆಯ ಮೇಲೆ ಸೇಂಟ್ ಲೂಯಿಸ್ ನಗರವು ಹಬ್ಬಿಕೊಂಡಿದೆ. 1764ರಲ್ಲಿ ಫ್ರೆಂಚ್ ವರ್ತಕರು ನೆಲೆಗೊಳಿಸಿದ ಊರು. ಪ್ರವಾಸಿಗರನ್ನು ಮೊದಲು ಬರಮಾಡಿಕೊಳ್ಳುವುದು ನದಿಯಂಚಿನಲ್ಲಿ 630 ಅಡಿ ಎತ್ತರಕ್ಕೆ ಬಾಗಿ ನಿಂತ ಉಕ್ಕಿನ ಕಮಾನು. ಅದನ್ನು ನೋಡಿ, ಮೇಲೇರಿ, ಚಿತ್ರ ತೆಗೆದುಕೊಂಡು ಹೆಚ್ಚಿನವರು ಹೊರಟುಬಿಡುತ್ತಾರೆ. ಊರಿನ ಒಳಗುಟ್ಟು ತಿಳಿಯಬೇಕಾದರೆ ಕೆಂಪಿಟ್ಟಿಗೆಯ ಮನೆಗಳ ಓಣಿಗಳನ್ನು ಹಿಡಿದು ಪಶ್ಚಿಮಕ್ಕೂ ದಕ್ಷಿಣಕ್ಕೂ ನಡೆಯಬೇಕು. ಅಮೆರಿಕದವರು ಫುಟ್‌ಬಾಲ್ ಎಂಬ ಹೆಸರನ್ನು ಕೈಯಲ್ಲಿ ಚೆಂಡು ಹಿಡಿದು ಓಡುವ ಬೇರೊಂದು ಆಟಕ್ಕೆ ಧಾರೆಯೆರೆದುಕೊಟ್ಟಿದ್ದಾರೆ. ನಮ್ಮ ಕಾಲ್ಚೆಂಡು ಅಲ್ಲಿ ‘ಸಾಕರ್’. ಆ ಸಾಕರಿನ ತವರೂರುಗಳಲ್ಲಿ ಇದು ಮುಖ್ಯವಾದದ್ದು.

ನಗರದ ನಡುಭಾಗದಲ್ಲಿ ಜೆಸ್ಯೂಟ್ ಪಾದ್ರಿಗಳ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯವಿದೆ. ಅದರ ಮಗ್ಗುಲಲ್ಲೇ 1999ರಲ್ಲಿ ತೆರೆದ ಹರ್ಮನ್ ಕ್ರೀಡಾಂಗಣ. ಶರತ್ಕಾಲದ ಸಂಜೆ ದೀಪ ಹತ್ತಿ ಆಟ ಮೊದಲಾದಾಗ ಮೆಟ್ಟಿಲ ಮೇಲೆ ಕುಳಿತವರ ಮನಸ್ಸಿನಲ್ಲಿ, ಅದರಲ್ಲೂ ಹುಡುಗರ ತಾಯಿತಂದೆಗಳ ಮನಸ್ಸಿನಲ್ಲಿ, ಒಂದು ಪ್ರಶ್ನೆ ಸುಳಿಯದೆ ಇರದು: ಈ ಹುಡುಗ ಮುಂದೆ ಆಟದಿಂದಲೇ ಹೊಟ್ಟೆ ಹೊರೆದಾನೆಯೆ?

ಒಂದು ಕಾಲಕ್ಕೆ ಈ ಪ್ರಶ್ನೆಯನ್ನು ಇಲ್ಲಿ ಯಾರೂ ಕೇಳುತ್ತಲೇ ಇರಲಿಲ್ಲ. ವಿಶ್ವವಿದ್ಯಾಲಯದಿಂದ ನೈಋತ್ಯಕ್ಕೆ ‘ದಿ ಹಿಲ್’ ಎಂಬ ದಿಣ್ಣೆಯ ಬಡಾವಣೆಯಿದೆ. ಜೇಡಿಮಣ್ಣಿನ ಗಣಿಗಳಿಗೂ ಇಟ್ಟಿಗೆಯ ಕಾರ್ಖಾನೆಗಳಿಗೂ ದುಡಿಯಬಂದ ಇಟಲಿಯವರ ನೆಲೆ ಅದು. ಬೆಂಕಿ ಆರಿಸಲು ನೀರು ಹಿಡಿಯುವ ಬೀದಿಯ ಕೊಳಾಯಿಗಳಿಗೂ ಇಟಲಿಯ ಬಾವುಟದ ಕೆಂಪು, ಬಿಳಿ, ಹಸಿರು ಬಳಿದಿದ್ದಾರೆ! 1950ರ ಜೂನ್ 29ರಂದು ಬ್ರೆಜಿಲಿನ ಬೆಲೊ ಹೊರಿಜಾಂಟಿಯಲ್ಲಿ ಅಮೆರಿಕದ ತಂಡವು ಇಂಗ್ಲೆಂಡನ್ನು 1-0ರಿಂದ ಮಣಿಸಿ ಜಗತ್ತನ್ನು ಬೆರಗುಗೊಳಿಸಿತಷ್ಟೆ. ಆ ಹನ್ನೊಂದು ಮಂದಿಯಲ್ಲಿ ಐವರು ಸೇಂಟ್ ಲೂಯಿಸಿನವರು, ಅವರಲ್ಲಿ ನಾಲ್ವರು ಈ ದಿಣ್ಣೆಯ ಹುಡುಗರು. ಗೋಲು ಕಾಯ್ದ ಫ್ರಾಂಕ್ ಬೊರ್ಗಿ ಶವವಾಹನ ನಡೆಸುತ್ತಿದ್ದವರು. ಐದನೆಯವರಾದ ಹ್ಯಾರಿ ಕಿಯೊ ಅಂಚೆಯವರು. ಇಂಗ್ಲೆಂಡನ್ನು ಸೋಲಿಸಿ ಬಂದವರು ಮತ್ತೆ ಕಾಗದ ಹಂಚುವ ಕೆಲಸಕ್ಕೆ ಹೋದರು. (ಅದೇ ವಿಶ್ವಕಪ್ಪಿನಲ್ಲಿ ನಮ್ಮ ಭಾರತಕ್ಕೂ ಸ್ಥಾನವಿತ್ತು, ನಾವು ಹೋಗಲೇ ಇಲ್ಲ. ಬೆಂಗಳೂರಿನಲ್ಲಿಯೂ ಒಂದು ಕಾಲಕ್ಕೆ ಚೆನ್ನಾಗಿ ಆಡುವ ಹುಡುಗನಿಗೆ ಎಚ್.ಎ.ಎಲ್.ನಲ್ಲೋ ಐ.ಟಿ.ಐ.ನಲ್ಲೋ ಉದ್ಯೋಗ ದೊರೆಯುತ್ತಿತ್ತೇ ಹೊರತು ಆಟವೇ ಉದ್ಯೋಗವಾಗುತ್ತಿರಲಿಲ್ಲ.)

ಈ ಕಿಯೊ ಅವರೇ ಮುಂದೆ ವಿಶ್ವವಿದ್ಯಾಲಯದ ತಂಡಕ್ಕೆ ಗುರುಗಳಾದರು. ಅವರಿಗಿಂತ ಮೊದಲು ಬಾಬ್ ಗೆಲ್ಕರ್ ಎಂಬವರು ಐದು ಸಲ, ಬಳಿಕ ಕಿಯೊ ಐದು ಸಲ, ಹೀಗೆ 1959ರಿಂದ 1973ರೊಳಗೆ ಹತ್ತು ರಾಷ್ಟ್ರೀಯ ಕಾಲೇಜು ಪ್ರಶಸ್ತಿಗಳು ಈ ಒಂದೇ ಸಂಸ್ಥೆಗೆ ಬಂದವು. ಆಟಗಾರರು ಬಹುಮಟ್ಟಿಗೆ ಇದೇ ಊರಿನ ಚರ್ಚುಗಳ ಶಾಲೆಗಳಲ್ಲಿ ಬೆಳೆದವರು. 1980ರಲ್ಲಿ ನೆರೆಯ ಎಡ್ವರ್ಡ್ಸ್‌ವಿಲ್ ಕಾಲೇಜಿನೊಡನೆ ನಡೆದ ಪಂದ್ಯಕ್ಕೆ 22 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರೆಂದರೆ ಊರಿನ ಹುಚ್ಚನ್ನು ಊಹಿಸಿಕೊಳ್ಳಬಹುದು. ಆದರೆ ಆಗಿನ ವೃತ್ತಿಪರ ಲೀಗು 1984ರ ಋತುವಿನ ಬಳಿಕ ಮುಚ್ಚಿಹೋಯಿತು. 1996ರಲ್ಲಿ ಮೇಜರ್ ಲೀಗ್ ಸಾಕರ್ ಹುಟ್ಟುವವರೆಗೆ ಒಳ್ಳೆಯ ಕಾಲೇಜು ಹುಡುಗನಿಗೆ ಹೋಗಲು ದೇಶದೊಳಗೆ ಹೇಳಿಕೊಳ್ಳುವಂತಹ ಮನೆಯೇ ಇರಲಿಲ್ಲ. 1993ರಲ್ಲಿ ಇಲ್ಲಿಂದ ಹೊರಬಿದ್ದ ಬ್ರಯನ್ ಮೆಕ್‌ಬ್ರೈಡ್ ಜರ್ಮನಿಯ ಎರಡನೆಯ ದರ್ಜೆಯ ಲೀಗಿಗೆ ಹೋಗಬೇಕಾಯಿತು. ಹೊಸ ಲೀಗು ತೆರೆದಾಗ ಅದರ ಮೊತ್ತಮೊದಲ ಆಯ್ಕೆ ಅವನೇ. 2002ರ ವಿಶ್ವಕಪ್ಪಿನಲ್ಲಿ ಪೋರ್ಚುಗಲ್ಲಿನ ಮೇಲೊಂದು, ಮೆಕ್ಸಿಕೋದ ಮೇಲೊಂದು ಗೋಲು ಹೊಡೆದನು.

ಈಗ ಮನೆಯೇನೋ ಇದೆ, ಬಾಗಿಲು ಕಿರಿದು. ಕಾಲೇಜು ಋತು ಮುಗಿದ ಮೇಲೆ ಕ್ಲಬ್ಬುಗಳು ಸರದಿಯಂತೆ ಒಬ್ಬೊಬ್ಬ ಹುಡುಗನ ಹೆಸರನ್ನು ಕರೆಯುವ ‘ಡ್ರಾಫ್ಟ್’ ಎಂಬ ಪದ್ಧತಿಯುಂಟು. ಮೊದಲ ದರ್ಜೆಯ ಕಾಲೇಜು ತಂಡಗಳು ಸುಮಾರು 200. ತಂಡಕ್ಕೆ 25 ಮಂದಿ ಎಂದರೂ ಐದು ಸಾವಿರ ಹುಡುಗರು. ಕರೆಯುವ ಕ್ಲಬ್ಬುಗಳು 30, ಸುತ್ತುಗಳು ಮೂರು. ಹೆಚ್ಚೆಂದರೆ 90 ಹೆಸರು. ಅದರಲ್ಲಿಯೂ ಕೆಲವು ಕ್ಲಬ್ಬುಗಳು ತಮ್ಮ ಸರದಿಯನ್ನು ಬಿಟ್ಟುಕೊಡುತ್ತವೆ. ಹೆಸರು ಕರೆದ ಮಾತ್ರಕ್ಕೆ ಸಂಬಳದ ಒಪ್ಪಂದವಾಯಿತೆಂದೂ ಅಲ್ಲ. ಅನೇಕರು ಮೊದಲು ಕಿರಿಯರ ತಂಡದಲ್ಲಿ ಆಡಿ ತೋರಿಸಬೇಕು.

ಇದಕ್ಕಿಂತ ಕಠಿಣವಾದ ಸಂಗತಿ ಬೇರೊಂದಿದೆ. 2023ರಲ್ಲಿ ಸೇಂಟ್ ಲೂಯಿಸಿಗೂ ಸ್ವಂತ ವೃತ್ತಿಪರ ತಂಡ ಬಂದು ಮೊದಲ ವರ್ಷವೇ ತನ್ನ ವಿಭಾಗದ ಅಗ್ರಸ್ಥಾನ ಪಡೆಯಿತು. ಊರಿಗೆ ಊರೇ ಸಂಭ್ರಮಿಸಿತು. ಆದರೆ ಇಂತಹ ಕ್ಲಬ್ಬುಗಳು ತಮ್ಮದೇ ತರಬೇತಿಶಾಲೆಗಳನ್ನು ನಡೆಸಿ, ಹದಿನಾರು ಹದಿನೇಳರ ಎಳೆಯರನ್ನೇ ಡ್ರಾಫ್ಟಿನ ಗೊಡವೆಯಿಲ್ಲದೆ ಸೇರಿಸಿಕೊಳ್ಳಬಲ್ಲವು. ಪಕ್ಕದ ಓಫಾಲನ್ ಪಟ್ಟಣದ ಜಾಶ್ ಸಾರ್ಜೆಂಟ್ ಕಾಲೇಜಿನ ಮೆಟ್ಟಿಲು ಹತ್ತದೆ, 2018ರಲ್ಲಿ ಹದಿನೆಂಟು ತುಂಬುತ್ತಲೇ ಜರ್ಮನಿಯ ಬ್ರೆಮೆನ್ ಕ್ಲಬ್ಬಿಗೆ ಸಹಿ ಹಾಕಿದನು. ಅಂದಮೇಲೆ ಹರ್ಮನ್ ಕ್ರೀಡಾಂಗಣದಲ್ಲಿ ಇಂದು ಓಡುತ್ತಿರುವ ಇಪ್ಪತ್ತೊಂದರ ಹುಡುಗನನ್ನು ಬಹುಮಟ್ಟಿಗೆ ಒಮ್ಮೆ ನೋಡಿ, ತೂಗಿ, ಬೇಡವೆಂದು ಬಿಟ್ಟವರಿದ್ದಾರೆ. ಅವನ ಭವಿಷ್ಯವನ್ನು ಅಳೆಯುವುದೆಂದರೆ, ಹಾಗೆ ಬಿಟ್ಟವರು ತಪ್ಪಿದರೇ ಎಂದು ಅಳೆಯುವುದು.

ಅದಕ್ಕೆ ಗೋಲುಗಳ ಎಣಿಕೆ ಸಾಲದೆಂಬುದು ನನ್ನ ಎಣಿಕೆ. ಆಗಸ್ಟಿನಿಂದ ಡಿಸೆಂಬರಿನೊಳಗೆ ಕಾಲೇಜು ಋತು ಮುಗಿದುಹೋಗುತ್ತದೆ. ಪಂದ್ಯಗಳು ವಾರಕ್ಕೆರಡು ಬೀಳುತ್ತವೆ; ಬದಲಿ ಆಟಗಾರರಿಗೆ ಧಾರಾಳವಾದ ಅವಕಾಶವಿರುವುದರಿಂದ ದಣಿದವನು ಹೊರಗೆ ಬಂದು, ಉಸಿರು ತೆಗೆದುಕೊಂಡು, ಮತ್ತೆ ಒಳಹೋಗಬಹುದು. ಅಲ್ಲಿ ಗಾಳಿಯಂತೆ ಓಡುವವನು ತೊಂಬತ್ತು ನಿಮಿಷದ ವೃತ್ತಿಪರ ಆಟದಲ್ಲಿ ಬಾಡಿಹೋಗಬಹುದು. ಮುಂದಾಳುಗಳ ಪಾಡು ಇನ್ನೂ ಕಷ್ಟ: ಗೋಲು ಹೊಡೆಯುವವರನ್ನು ಕ್ಲಬ್ಬುಗಳು ಹಣ ತೆತ್ತು ಹೊರದೇಶಗಳಿಂದಲೇ ತರುತ್ತವೆ. ರಕ್ಷಕರೂ ಗೋಲಿಗಳೂ ಮಾಗುವುದು ತಡ. ಆದಕಾರಣ ಕಾಲೇಜಿನ ನಾಲ್ಕು ವರ್ಷ ಅವರ ಪಾಲಿಗೆ ಹಾಳಾಗುವುದಿಲ್ಲ. ಚೆಂಡು ಕಾಲಿಗೆ ಬರುವ ಮುನ್ನವೇ ತಲೆಯೆತ್ತಿ ಸುತ್ತ ನೋಡುವ ಹುಡುಗನನ್ನು ಗಮನಿಸಿರಿ. ಎಡಗಾಲಿನಿಂದ ಆಡುವ ರಕ್ಷಕನಿದ್ದರೆ ಅವನ ಹೆಸರನ್ನು ಬರೆದಿಟ್ಟುಕೊಳ್ಳಿರಿ, ಅಂಥವರು ವಿರಳ.

ಈ ಊರಿನವನೇ ಆದ ಟಿಮ್ ರೀಮ್ ಇಂತಹ ಎಡಗಾಲಿನ ರಕ್ಷಕ. ನಾಲ್ಕು ವರ್ಷ ಇದೇ ಅಂಗಳದಲ್ಲಿ ಆಡಿ, 2010ರ ಡ್ರಾಫ್ಟಿನಲ್ಲಿ ಹದಿನೆಂಟನೆಯವನಾಗಿ ನ್ಯೂಯಾರ್ಕಿಗೆ ಹೋದನು. ಎರಡು ವರ್ಷಗಳಲ್ಲಿ ಇಂಗ್ಲೆಂಡಿನ ಬೋಲ್ಟನ್, ಬಳಿಕ ಫುಲ್‌ಹ್ಯಾಮ್. ಇದಕ್ಕೆ ವಿರುದ್ಧವಾದ ದಾರಿ ವೆದಾದ್ ಇಬಿಶೆವಿಚ್‌ನದು. ಬೋಸ್ನಿಯಾದ ಯುದ್ಧದಿಂದ ನೆಲೆ ತಪ್ಪಿ ಬಂದ ಕುಟುಂಬದ ಹುಡುಗ. ಊರಿನ ದಕ್ಷಿಣದ ಬೆವೊ ಸುತ್ತಿನಲ್ಲಿ ಇಂದಿಗೂ ಸಾವಿರಾರು ಬೋಸ್ನಿಯನ್ನರು ಬೇಕರಿ, ಕಾಫಿಯಂಗಡಿಗಳನ್ನಿಟ್ಟುಕೊಂಡಿದ್ದಾರೆ. 2003ರಲ್ಲಿ ಒಂದೇ ಋತು ಕಾಲೇಜಿಗೆ ಆಡಿದನು, ಮರುವರ್ಷ ಪ್ಯಾರಿಸ್ಸಿನ ದೊಡ್ಡ ಕ್ಲಬ್ಬಿನಲ್ಲಿದ್ದನು. ಅಲ್ಲಿನ ತರಬೇತುದಾರ ವಾಹಿದ್ ಹಲಿಲ್‌ಹೊಜಿಚ್ ಸಹ ಬೋಸ್ನಿಯಾದವರೇ. ಸ್ವದೇಶದವರ ಕಣ್ಣಿಗೆ ಬೀಳದಿದ್ದರೆ ಏನಾಗುತ್ತಿತ್ತೋ! 2014ರಲ್ಲಿ ರಿಯೋದ ಮರಕಾನಾ ಅಂಗಳದಲ್ಲಿ ಅರ್ಜೆಂಟೀನದ ಮೇಲೆ ಬೋಸ್ನಿಯಾದ ಮೊದಲ ವಿಶ್ವಕಪ್ ಗೋಲನ್ನು ಹೊಡೆದವನು ಇವನೇ.

ತಾಯಿತಂದೆಗಳ ಲೆಕ್ಕ ಬೇರೆ. 2025ರವರೆಗೆ ನಿಯಮದಂತೆ ಒಂದು ತಂಡಕ್ಕೆ ಇದ್ದದ್ದು 9.9 ವಿದ್ಯಾರ್ಥಿವೇತನ ಮಾತ್ರ. ಅದನ್ನೇ ಇಪ್ಪತ್ತೈದು ಮಂದಿಗೆ ಹರಿದು ಹಂಚುತ್ತಿದ್ದರು. ಉಳಿದ ಶುಲ್ಕ ಮನೆಯಿಂದಲೇ. ಆದ್ದರಿಂದ ಪದವಿಯನ್ನು ಬಿಡಬೇಡವೆಂದು ಮಗನಿಗೆ ಹೇಳುವ ತಂದೆಯನ್ನು ಹಳಿಯಲಾಗದು.

2022ರ ನವೆಂಬರ್ 25ರಂದು ಕತಾರಿನಲ್ಲಿ ಅಮೆರಿಕವು ವಿಶ್ವಕಪ್ಪಿನಲ್ಲಿ ಇಂಗ್ಲೆಂಡಿಗೆ ಗೋಲು ಬಿಟ್ಟುಕೊಡದೆ 0-0ಯಲ್ಲಿ ತಡೆಯಿತು. ರಕ್ಷಣೆಯ ನಡುವೆ ಕೊನೆಯವರೆಗೂ ನಿಂತವನು ಮೂವತ್ತೈದು ವರ್ಷದ ರೀಮ್; ಸಾರ್ಜೆಂಟನೂ ಅದೇ ತಂಡದವನು. ಹರ್ಮನ್ ಕ್ರೀಡಾಂಗಣದಿಂದ ಈಗಿನ ವೃತ್ತಿಪರ ತಂಡದ ಕ್ರೀಡಾಂಗಣಕ್ಕೆ ಎರಡು ಮೈಲಿಯೂ ಆಗದು. ನಡೆದುಕೊಂಡೇ ಹೋಗಬಹುದು.